ರವೀಂದ್ರ ಎರಡನೇ ಸಲ ಬಿದ್ದದ್ದು

ನಾಗಮಂಗಲದ ಬಸ್ಸು ಇನ್ನೂ ಬಂದಿರಲಿಲ್ಲ. ಬರದೇ ಹೋದರೆ ಎಷ್ಟು ಚೆನ್ನ ಎಂದು ಕನಕರಾಜು ಅಂದುಕೊಂಡ, ಅಂದುಕೊಂಡ ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಪಘಾತವೇನೂ ಆಗುವುದು ಬೇಡ, ಬರೀ ಟೈರು ಪಂಚರಾದರೆ ಸಾಕು. ಇಲ್ಲವೇ ಚಿಕ್ಕಬೋರಮ್ಮನಿಗೆ ಬೆಳಿಗ್ಗೆ ಏಳುವಾಗಲೇ ಸೊಂಟ ಹಿಡಿದುಕೊಂಡು, ಈ ಸಲ ಆಗಲ್ಲ ಬುಡು ಅನ್ನಿಸಿದ್ದರೂ ಸಾಕು. ವಯಸ್ಸಾದ ಹೆಂಗಸಿಗೆ ಸೊಂಟನೋವು ಬರಲಿ ಎಂದು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಾರೈಸುತ್ತಿರುವ ಇವನು ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದು ಬಂದವನು, ಕೆ.ಆರ್. ಪೇಟೆ ಕಡೆಯ ತನ್ನೂರಿನಲ್ಲಿ ಶಾಲೆಯ ಬಾವುಟ ಏರಿಸಲು ಕರೆಸಿಕೊಳ್ಳುವವನು, ಡೈರಿಯಲ್ಲಿ ಹಾಲು ಅಳೆಯುವಾಗ ನೀರು ಬೆರೆಸಿದವರನ್ನು ಮುಖ ನೋಡದೆ ವಾಪಸು ಕಳಿಸುವವನು. ಇವತ್ತು ಮೂರು ಗಂಟೆಗೆ ಸಮುದಾಯ ಭವನದಲ್ಲಿ ನಾಟಕ. ನಾಟಕದಲ್ಲಿ ಕನಕರಾಜು ಕನಕರಾಜುವೇ ಆಗಿ ನಿಲ್ಲಬೇಕು. ಮಿಲ್ಟ್ರಿಯಲ್ಲಿ ಜೊತೆಗಿದ್ದ ರವೀಂದ್ರ ಸತ್ತದ್ದು ಹೇಗೆ ಎಂದು ಹೇಳಬೇಕು. ಎದುರಿಗೆ ರವೀಂದ್ರನ ಅವ್ವ ಕೂತಿರುತ್ತಾಳೆ.

ಒಂದೇ ಏಟು. ಹೇಳಬೇಕಾದ ಮಾತು ಅಷ್ಟೇ. ಮೂರು ವರ್ಷದಿಂದ ಹೇಳಿಕೊಂಡೇ ಬಂದಿದ್ದಾನೆ, ನಾಲಿಗೆಗೆ ಅಭ್ಯಾಸವಾಗಿದೆ. ಹೆಣದ ಪೆಟ್ಟಿಗೆಯ ಜೊತೆ ನಾಗಮಂಗಲದಾಚೆಯ ಅವಳ ಊರಿಗೆ ಹೋದ ದಿನ, ಗುಂಡು ಹಾರಿಸಿ, ಬಾವುಟ ಮಡಿಸಿ ಕೊಟ್ಟು, ದೊಡ್ಡವರೆಲ್ಲ ಕಾರು ಹತ್ತಿದ ಮೇಲೆ ಚಿಕ್ಕಬೋರಮ್ಮ ಇವನ ಮಣಿಕಟ್ಟು ಹಿಡಿದುಕೊಂಡು ಹಿತ್ತಲಿಗೆ ಕರೆದುಕೊಂಡು ಹೋಗಿದ್ದಳು. ದನದ ಕಲಗಚ್ಚಿನ ಬಾನಿಯ ಪಕ್ಕ ನಿಲ್ಲಿಸಿ, ‘ನೋವಾಯ್ತಾ ಮಗ ಅವುನ್ಗೆ?’ ಎಂದು ಕೇಳಿದ್ದಳು. ಬೇರೇನೂ ಕೇಳಲಿಲ್ಲ. ‘ಇಲ್ಲ ಕಣವ್ವ, ಒಂದೇ ಏಟು. ಅವುನ್ಗೆ ಗೊತ್ತೇ ಆಗ್ಲಿಲ್ಲ’ ಎಂದಿದ್ದ. ಅವಳ ಬೆರಳು ಒಂದೊಂದಾಗಿ ಸಡಿಲವಾದವು. ಆಮೇಲೆ ಅವಳು ಅದನ್ನು ಊರಿಗೆಲ್ಲ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದಳು, ಪಕ್ಕದೂರಿನಲ್ಲಿ ಮಗ ಕ್ಯಾನ್ಸರಿನಲ್ಲಿ ನರಳಿ ಸತ್ತ ಹೆಂಗಸಿನ ಮನೆಗೆ ಹೋಗಿ, ನಮ್ಮುಡ್ಗ ಪುಣ್ಯವಂತ, ನೋವು ಕಾಣ್ದಂಗೆ ಹೋದ ಎಂದು ಹೇಳಿ ಆ ಹೆಂಗಸನ್ನು ಇನ್ನಷ್ಟು ಅಳಿಸಿ ಬಂದಳು. ಈ ಒಂದು ಸುಳ್ಳಿನ ಮೇಲೆ ಅವಳು ಮೂರು ವರ್ಷ ಉಂಡಿದ್ದಾಳೆ, ಮಲಗಿದ್ದಾಳೆ. ಸುಳ್ಳು ಹೇಳಿದ್ದು ತಪ್ಪು ಎಂದು ಹೇಳುವವರು ಆ ಹಿತ್ತಲಲ್ಲಿ ನಿಂತು ಸತ್ಯ ಹೇಳಿ ನೋಡಲಿ.

ಆದರೆ ಕನಕರಾಜು ತನ್ನನ್ನು ತಾನು ಅಷ್ಟು ಸುಲಭಕ್ಕೆ ಬಿಡುವವನಲ್ಲ. ಅವಳ ಸಲುವಾಗಿ ಹೇಳಿದ್ದೋ, ನನ್ನ ಸಲುವಾಗಿ ಹೇಳಿದ್ದೋ? ಈ ಪ್ರಶ್ನೆ ಹಾಲು ಅಳೆಯುವಾಗಲೂ, ಮುಖಕ್ಷೌರ ಮಾಡಿಕೊಳ್ಳುವಾಗಲೂ ಬಂದು ಎದುರಿಗೆ ಕೂರುತ್ತಿತ್ತು. ಅದರ ಜೊತೆಗೆ ಆಕಾಶದ ಕಾಟ ಬೇರೆ, ಗಡಿಯಲ್ಲಿ ರವೀಂದ್ರನನ್ನು ಹೊಡೆದದ್ದು ಡ್ರೋನು. ಈಗ ಈ ಸೀಮೆಯಲ್ಲಿ ಕಬ್ಬಿಗೂ ಭತ್ತಕ್ಕೂ ಔಷಧಿ ಹೊಡೆಯುವುದು ಡ್ರೋನಿನಲ್ಲಿ. ಬೆಳಿಗ್ಗೆ ಬೈಕಿನಲ್ಲಿ ಬರುವಾಗ ನಾಲೆಯ ಪಕ್ಕದ ಗದ್ದೆಯ ಮೇಲೆ ಒಂದು ಗುಂಯ್ ಎನ್ನುತ್ತ ತಿರುಗುತ್ತಿತ್ತು. ಕೈ ತಂತಾನೇ ಬ್ರೇಕು ಹಿಡಿಯಿತು, ಹಿಂದೆ ಬರುತ್ತಿದ್ದ ಟ್ರಾಕ್ಟರಿನವನು ಇವನ ತಾಯಿಯನ್ನೂ ಸೇರಿಸಿ ಬೈದು ಹೋದ. ಹೋದ ವರ್ಷ ನಾದಿನಿಯ ಮದುವೆಯ ಛತ್ರದಲ್ಲಿ ಇದಕ್ಕಿಂತ ಕೆಟ್ಟದ್ದಾಗಿತ್ತು. ಹೆಣ್ಣು ಗಂಡಿನ ತಲೆಯ ಮೇಲೆ ಹೂವು ಸುರಿಸಲು ಕ್ಯಾಮೆರಾದವನು ಡ್ರೋನು ಬಿಟ್ಟಾಗ ಕನಕರಾಜು ಊಟದ ಎಲೆಯ ಮುಂದಿನಿಂದ ಎದ್ದು ಮೇಜಿನ ಕೆಳಗೆ ನುಸುಳಿ ಕುಕ್ಕರಿಸಿಬಿಟ್ಟಿದ್ದ. ಅಂಗಿಯ ಮೇಲೆಲ್ಲ ಸಾರು. ಪ್ರಮೀಳಾ, ಇವನ ಹೆಂಡತಿ, ಬಗ್ಗಿ ನೋಡಿ, ‘ಏನ್ರೀ, ಉಂಗ್ರ ಬಿತ್ತಾ?’ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿದ್ದಳು. ಅವಳು ಮಾನ ಕಾಪಾಡಲು ಆಡಿದ ಮಾತು ಅದು ಎಂದು ಗೊತ್ತಿದ್ದೂ ಅವನಿಗೆ ಅವಳ ಮೇಲೇ ಸಿಟ್ಟು ಬಂತು. ಮದುವೆ ವೀಡಿಯೋದಲ್ಲಿ ಅದು ಹಾಗೇ ಇದೆ, ಸಂಬಂಧಿಕರು ಆ ಜಾಗ ಬಂದಾಗ ಕೆಮ್ಮುತ್ತಾರೆ.

ಬಸ್ಸು ಬಂತು. ಮೊದಲು ಇಳಿದವಳೇ ಅವಳು. ಮಡಿಕೆ ಮುರಿಯದ ಹಸಿರು ಸೀರೆ, ಕೈಯಲ್ಲಿ ಜವಳಿ ಅಂಗಡಿಯ ಚೀಲ. ‘ಉಂಡ್ಯಾ ಮಗ? ಯಾಕ್ಲಾ ಇಂಗೆ ಸೊರಗ್ಬುಟ್ಟಿದ್ದೀಯ, ಪ್ರಮೀಳಾ ಇಟ್ಟು ಆಕಾಕಿಲ್ವಾ?’ ಎಂದಳು. ಕನಕರಾಜು ನಕ್ಕ. ನಗು ಬಂತಲ್ಲ ಎಂದು ಆಶ್ಚರ್ಯವೂ ಆಯಿತು. ‘ಅವ್ವ, ಬಿಸ್ಲು ಜಾಸ್ತಿ ಅದೆ. ನಾಟ್ಕ ನೋಡ್ಲೇಬೇಕಾ? ಬೇಕಾರೆ ನಮ್ಮನೇಗ್ ಹೋಗನ, ಪ್ರಮೀಳಾ ಕೋಳಿ ಕುಯ್ಸವ್ಳೆ’ ಎಂದು ಕೊನೆಯ ಪ್ರಯತ್ನವನ್ನೂ ಮಾಡಿದ. ಪ್ರಮೀಳಾ ಯಾವ ಕೋಳಿಯನ್ನೂ ಕುಯ್ಸಿರಲಿಲ್ಲ. ‘ನನ್ ಮಗುನ್ ನಾಟ್ಕ ನಾನ್ ನೋಡ್ದೆ ಇನ್ಯಾರ್ ನೋಡಾರು, ನಡಿ’ ಎಂದು ಅವಳು ಮುಂದೆ ನಡೆದಳು. ಅವಳ ನಡಿಗೆಯಲ್ಲಿ ಮಗನ ಶಾಲೆಯ ಬಹುಮಾನ ವಿತರಣೆಗೆ ಹೊರಟವಳ ಹುರುಪಿತ್ತು. ಹಿಂದೆ ನಡೆಯುತ್ತಿದ್ದ ಕನಕರಾಜುವಿಗೆ ಅವಳ ಹಿಮ್ಮಡಿ ಮಾತ್ರ ಕಾಣುತ್ತಿತ್ತು.

ಈ ನಾಟಕದ ತಲೆನೋವು ತಂದವಳು ಅನು. ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಹುಡುಗಿ, ಮೈಸೂರಿನಲ್ಲಿ ರಂಗಭೂಮಿ ಓದಿದವಳು. ಒಂದು ವರ್ಷ ನಾಲ್ಕು ತಾಲ್ಲೂಕು ಸುತ್ತಿ, ಯುದ್ಧ ಯಾವ ಯಾವ ಮನೆಯ ಬಾಗಿಲಿಗೆ ಬಂದಿದೆಯೋ ಆ ಮನೆಗಳಲ್ಲಿ ಕೂತು, ಕಾಫಿ ಕುಡಿದು, ಅವರ ಮಾತನ್ನೇ ಜೋಡಿಸಿ ನಾಟಕ ಕಟ್ಟಿದ್ದಳು. ಬದುಕಿರುವವರು ತಮ್ಮ ಪಾತ್ರ ತಾವೇ ಮಾಡಬೇಕು, ಸತ್ತವರಿಗೆ ಮಾತ್ರ ಪಾತ್ರಧಾರಿಗಳು ಎಂದು ಅವಳ ನೇಮ. ಹಳ್ಳಿಯ ಹೆಂಗಸರು ಬಂದು ಬೆಳಕಿದ್ದಾಗಲೇ ಬಸ್ಸು ಹಿಡಿಯಲಿ ಎಂದು ಮಧ್ಯಾಹ್ನವೇ ಆಟ ಇಟ್ಟಿದ್ದಳು. ರವೀಂದ್ರನ ಪಾತ್ರಕ್ಕೆ ಸಿಕ್ಕಿದವನು ತಿಮ್ಮರಾಜು, ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ಹಳ್ಳಿ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಇಪ್ಪತ್ತು ವರ್ಷದಿಂದ ಅಭಿಮನ್ಯುವಾಗಿ ಸಾಯುತ್ತಾ ಬಂದವನು. ಹಾರ್ಮೋನಿಯಂಗೆ ಹುಚ್ಚಣ್ಣ ಮೇಷ್ಟ್ರು. ಈ ಕಡೆ ಅವರು ಕಲಿಸದ ದುರ್ಯೋಧನ ಇಲ್ಲ. ಅನು ಅವರಿಗೆ ಒಂದೇ ಕೆಲಸ ಕೊಟ್ಟಿದ್ದಳು: ಹಾರ್ಮೋನಿಯಂನ ಒಂದೇ ಸ್ವರ ಒತ್ತಿ ಹಿಡಿದು ಡ್ರೋನಿನ ಸದ್ದು ಮಾಡುವುದು, ಕನಕರಾಜು ‘ಒಂದೇ ಏಟು’ ಎಂದಾಗ ಕೈ ತೆಗೆಯುವುದು. ರಾಗವೂ ಇಲ್ಲ, ಕಂದಪದ್ಯವೂ ಇಲ್ಲ. ಮೇಷ್ಟ್ರು ತಾಲೀಮಿನ ಮೊದಲ ದಿನ, ‘ಇದೇನವ್ವಾ, ನನ್ ಕೈಲಿ ನೊಣ ಕೂಗುಸ್ತಿದ್ದೀಯ’ ಎಂದು ಗೊಣಗಿದ್ದರು.

ಭವನ ತುಂಬಿತ್ತು. ಚಿಕ್ಕಬೋರಮ್ಮನನ್ನು ಮುಂದಿನ ಸಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಬೇರೆ ಬೇರೆ ಮನೆಗಳ ಮಾತು ಆದವು. ಗಂಡನ ಪಿಂಚಣಿಯ ಕಾಗದಕ್ಕೆ ಅಲೆದವಳು ತನ್ನ ಅಲೆದಾಟ ಹೇಳಿದಾಗ ಜನ ನಕ್ಕು ಆಮೇಲೆ ಸುಮ್ಮನಾದರು. ಕನಕರಾಜುವಿನ ಸರದಿ ಬಂತು. ಮೇಷ್ಟ್ರು ಸ್ವರ ಹಿಡಿದರು. ಅಭ್ಯಾಸದಲ್ಲಿ ಏನೂ ಅನ್ನಿಸದ ಆ ಸದ್ದು ಇವತ್ತು ಬೆನ್ನುಹುರಿಯೊಳಗೆ ಇಳಿಯಿತು. ತಿಮ್ಮರಾಜು ಹಸಿರು ಬಟ್ಟೆಯಲ್ಲಿ ನೀರಿನ ಕ್ಯಾನು ಹಿಡಿದು ರಂಗದ ಅಡ್ಡಕ್ಕೆ ನಡೆದ. ಮಧ್ಯದಲ್ಲಿ ನಿಂತು ತಲೆ ಎತ್ತಿದ. ‘ಒಂದೇ ಏಟು. ಅವನಿಗೆ ಗೊತ್ತೇ ಆಗಲಿಲ್ಲ’ ಎಂದ ಕನಕರಾಜು. ಸ್ವರ ನಿಂತಿತು. ತಿಮ್ಮರಾಜು ಬಿದ್ದ. ಏನು ಬಿದ್ದ ಅಂತೀರಿ, ಇಪ್ಪತ್ತು ವರ್ಷದ ವಿದ್ಯೆಯನ್ನೆಲ್ಲ ಸುರಿದು ಬಿದ್ದ. ಮೊದಲು ಮಂಡಿ, ಆಮೇಲೆ ಭುಜ, ಕ್ಯಾನು ಉರುಳಿಕೊಂಡು ಹೋಗಿ ಹಲಗೆಯ ಅಂಚಿನಲ್ಲಿ ನಿಂತಿತು. ಮುಗಿಯಿತು ಎಂದು ಕನಕರಾಜು ಉಸಿರು ಬಿಟ್ಟ. ಚಿಕ್ಕಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ನೋವಾಗ್ನಿಲ್ಲ ಎಂದೇ ಹೇಳುತ್ತಿರಬೇಕು. ಈ ಸುಳ್ಳು ಇನ್ನು ಸಾಯುವವರೆಗೂ ನಿಲ್ಲುತ್ತದೆ, ನೂರಾರು ಜನ ಸಾಕ್ಷಿ ಆಯಿತು ಎಂದು ಅವನಿಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಆಗ ಹಿಂದಿನಿಂದ ಯಾರೋ ಕೂಗಿದರು. ‘ಒನ್ಸ್ ಮೋರ್.’ ಇನ್ನೊಬ್ಬರು, ಮತ್ತೊಬ್ಬರು. ಇದರಲ್ಲಿ ಕುಹಕವಿರಲಿಲ್ಲ, ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಈ ಸೀಮೆಯಲ್ಲಿ ಚೆನ್ನಾಗಿ ಸತ್ತವನಿಗೆ ಕೊಡುವ ಮರ್ಯಾದೆ ಅದು. ಅಭಿಮನ್ಯು ಸತ್ತು ಬಿದ್ದ ಮೇಲೆ ಒನ್ಸ್ ಮೋರ್ ಬಂದರೆ ಅವನು ಎದ್ದು, ಮಂಡಿ ಕೊಡವಿಕೊಂಡು, ಸಭೆಗೆ ಕೈ ಮುಗಿದು, ಪದ್ಯವನ್ನು ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಏಳದಿದ್ದರೆ ಜನಕ್ಕೆ ಅವಮಾನ. ಇದು ಅಂಥ ನಾಟಕವಲ್ಲ ಎಂದು ಅನು ತಾಲೀಮಿನಲ್ಲಿ ಹೇಳಿರಲಿಲ್ಲ. ಯುದ್ಧದ ನಾಟಕಕ್ಕೆ ಒನ್ಸ್ ಮೋರ್ ಬರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಪಕ್ಕದ ಪರದೆಯಿಂದ ಅವಳು ಬೇಡ ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದಳು. ಆದರೆ ತಿಮ್ಮರಾಜು ಆಗಲೇ ಎದ್ದು ನಿಂತು ಕೈ ಮುಗಿಯುತ್ತಿದ್ದ. ಮೇಷ್ಟ್ರ ಬೆರಳು ಆಗಲೇ ಸ್ವರ ಹಿಡಿದಿತ್ತು. ಒನ್ಸ್ ಮೋರ್ ಎಂದರೆ ಆ ಕೈ ಯಾರನ್ನೂ ಕೇಳುವುದಿಲ್ಲ.

ಕನಕರಾಜು ಕಂಡದ್ದು ತಿಮ್ಮರಾಜುವನ್ನಲ್ಲ. ಸತ್ತವನು ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಉರುಳಿದ್ದ ಕ್ಯಾನು ಎತ್ತಿಕೊಂಡು ಮತ್ತೆ ಅಲ್ಲಿಗೇ ಹೋಗಿ ನಿಂತ. ಬಂಕರಿನ ಬಾಯಿಂದ ಹದಿನೆಂಟು ಹೆಜ್ಜೆ. ಎಷ್ಟೋ ಸಲ ಹಾಸಿಗೆಯಲ್ಲಿ ಮಲಗಿ ಬೇಡಿಕೊಂಡದ್ದು ಇದನ್ನೇ ಅಲ್ಲವೆ, ಒಂದು ಸಲ ಏಳಲಿ, ಇನ್ನೊಂದು ಸಲ ಆಗಲಿ, ಆಗ ನಾನು ನೋಡಿಕೊಳ್ಳುತ್ತೇನೆ ಎಂದು. ಈಗ ಎದ್ದಿದ್ದಾನೆ, ನೋಡಿಕೋ. ಸ್ವರ ಗುಂಯ್ ಎನ್ನುತ್ತಿತ್ತು. ಕನಕರಾಜು ಮಾತಾಡಲಿಲ್ಲ. ತಿಮ್ಮರಾಜು ಒಂದಷ್ಟು ಹೊತ್ತು ಕಾದು, ಮಾತಿಲ್ಲದೆಯೇ ಬಿದ್ದು, ತುಟಿಯ ಅಂಚಿನಲ್ಲಿ, ‘ಮಾತ್ ಹೇಳ್ಲಾ’ ಎಂದ. ಮಾತು ಬಾರದೆ ಮೇಷ್ಟ್ರು ಕೈ ತೆಗೆಯುವಂತಿಲ್ಲ. ಅವರು ಕನ್ನಡಕದ ಮೇಲಿಂದ ಇವನನ್ನೇ ನೋಡುತ್ತ ತಿದಿ ಒತ್ತುತ್ತಲೇ ಇದ್ದರು. ಅಲ್ಲೂ ಹೀಗೇ, ಆ ಸದ್ದು ನಿಲ್ಲಲೇ ಇಲ್ಲ. ಅದು ಹೊಡೆದು ಹೋಗುವ ಜಾತಿಯದಲ್ಲ, ಹೊಡೆದು ಅಲ್ಲೇ ನಿಂತು ನೋಡುವ ಜಾತಿ. ಎಲ್ಲೋ ಕುರ್ಚಿಯ ಮೇಲೆ ಕೂತು ಪರದೆಯಲ್ಲಿ ನೋಡುತ್ತಿದ್ದವನಿಗೆ ರವೀಂದ್ರ ಬೇಕಿರಲಿಲ್ಲ, ರವೀಂದ್ರನನ್ನು ಎತ್ತಲು ಬರುವವನು ಬೇಕಿತ್ತು.

‘ಬತ್ತೀನಿ ಇರ್ಲಾ’ ಎಂದ ಕನಕರಾಜು.

ಅದು ಅವನ ಗಂಟಲಿನಿಂದ ಅಲ್ಲಿಯ ದನಿಯಲ್ಲೇ ಬಂತು. ಅವನು ಜನರ ಕಡೆ ತಿರುಗಲಿಲ್ಲ, ಬಿದ್ದವನನ್ನೇ ನೋಡಿಕೊಂಡು ಹೇಳಿದ. ‘ಒಂದೇ ಏಟಲ್ಲ. ನಲವತ್ತು ನಿಮಿಷ ಬದುಕಿದ್ದ. ಒಳಗೆ ನಾವು ಆರು ಜನ. ಮೇಲಿನವರು ಯಾರೂ ಹೋಗ್ಬೇಡಿ ಅನ್ನಲಿಲ್ಲ. ಅಂದವನು ನಾನು, ನಾನೇ ದೊಡ್ಡವನು ಅಲ್ಲಿ. ಕನಕಣ್ಣ, ಬತ್ತಿದ್ದೀಯಾ ಅಂತ ಕೇಳ್ತಿದ್ದ. ಬತ್ತೀನಿ ಇರ್ಲಾ ಅಂತಿದ್ದೆ. ಮತ್ತೆ ಕೇಳೋನು. ನಾನು ಮತ್ತೆ ಬತ್ತೀನಿ ಅಂತಿದ್ದೆ. ಒಳಗಿದ್ದ ಬೇರೆ ಐದು ಜನಕ್ಕೆ ಕನ್ನಡ ಬರಲ್ಲ. ಏನು ಕೂಗ್ತಾನೆ ಅವನು ಅಂತ ಹಿಂದಿಯಲ್ಲಿ ಕೇಳಿದರು. ದೇವರನ್ನು ಕರೀತಿದ್ದಾನೆ ಅಂದೆ.’ ಮೇಷ್ಟ್ರು ಯಾವಾಗ ಕೈ ತೆಗೆದರೋ ಅವನಿಗೆ ತಿಳಿಯಲಿಲ್ಲ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ಖಾಲಿಯಾಗಿತ್ತು. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಒಂದಿಬ್ಬರು ತಟ್ಟಿ ನಿಲ್ಲಿಸಿದರು. ಪರದೆಯ ಹಿಂದೆ ಅನು, ‘ಸಾರ್, ಇದನ್ನ ನಂಗ್ಯಾಕೆ ಹೇಳ್ಲಿಲ್ಲ ನೀವು’ ಎಂದಳು. ಅವಳ ಕಣ್ಣಲ್ಲಿ ನೀರೂ ಇತ್ತು, ಇದೇ ನಾಟಕದ ಕೊನೆಯಾಗಬೇಕಿತ್ತು ಎಂಬ ಲೆಕ್ಕಾಚಾರವೂ ಇತ್ತೇನೋ. ಅಥವಾ ಅವನ ಕೆಟ್ಟ ಮನಸ್ಸಿಗೆ ಹಾಗೆ ಕಂಡಿತೋ. ಅವನು ಮೆಟ್ಟಿಲಿಳಿದ.

ಅವಳು ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಕನಕರಾಜು ಹತ್ತಿರ ಹೋಗಿ ನಿಂತ, ಕೂರಲು ಧೈರ್ಯವಾಗಲಿಲ್ಲ. ಹೊಡೆಯಲಿ, ಉಗಿಯಲಿ, ನಾಲ್ಕು ಜನರ ಮುಂದೆ ಎದೆಯ ಮೇಲಿನ ಅಂಗಿ ಹಿಡಿದು ಕೇಳಲಿ. ಹಾಗೆ ಮಾಡಿದರೆ ಅದು ತನಗೆ ಉಪಕಾರ ಎಂದು ಅಂದುಕೊಂಡು, ಅದರಲ್ಲೂ ಸ್ವಂತ ಲಾಭವನ್ನೇ ಹುಡುಕುತ್ತಿದ್ದೇನಲ್ಲ ಎಂದು ನಾಚಿಕೊಂಡ.

‘ನಲವತ್ ನಿಮ್ಷ ಮಾತಾಡುದ್ನಾ?’ ಎಂದಳು, ಅವನ ಕಡೆ ನೋಡದೆ.

‘ಊಂ ಕಣವ್ವ.’

‘ಮೂರ್ ವರ್ಸ ನನ್ ಮಗುನ್ ಮಾತ ನೀನ್ ಮಡಿಕಂಡಿದ್ದೆ.’ ದನಿ ಏರಲಿಲ್ಲ. ‘ಬಟ್ಟೆ ಕೊಟ್ರು, ಗಡಿಯಾರ ಕೊಟ್ರು, ಬಾವುಟ ಕೊಟ್ರು. ಇದ್ನ ನೀನ್ ಕೊಡ್ಲೇ ಇಲ್ಲ. ಹೇಳು. ಏನೇನಂದ?’

ಹೀಗೆ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಬರುತ್ತೇನೆಂದು ಹೇಳಿ ಬರದೇ ಹೋದದ್ದಕ್ಕೆ ಶಿಕ್ಷೆ ಬೇಡಲು ಬಂದವನು, ಕೂಡಿಟ್ಟುಕೊಂಡಿದ್ದನ್ನು ಹಿಂದಿರುಗಿಸು ಎಂದರೆ ತಬ್ಬಿಬ್ಬಾದ. ಅಷ್ಟು ಹೊತ್ತಿನ ಮಾತಿನಲ್ಲಿ ಅವನಿಗೆ ಉಳಿದಿದ್ದದ್ದು ಬಹುಪಾಲು ತನ್ನ ಮಾತೇ. ಆ ಹೊತ್ತಿನಲ್ಲಿ ಕಿವಿ ಮುಚ್ಚಿಕೊಂಡದ್ದೂ ಉಂಟು. ಹುಡುಕಿ ಹುಡುಕಿ ಹೇಳಿದ. ಶೂ ಬಿಚ್ಚಣ್ಣ, ಕಾಲು ಉರೀತದೆ ಅಂದ ಅವ್ವ. ಆ ಕಾಲು ಇರಲಿಲ್ಲ ಎಂಬುದನ್ನು ನುಂಗಿಕೊಂಡ, ಮತ್ತೆ ನುಂಗಬಾರದು ಎಂದು ಅದನ್ನೂ ಹೇಳಿದ. ಅವಳು ತಲೆ ಆಡಿಸಿದಳು. ನೀರು ಕೇಳಿದ. ಆಮೇಲೆ ಏನೇನೋ ಅಂದ, ಕರ ಬಿಚ್ಕತ್ತು, ಹಾಲೆಲ್ಲ ಕುಡ್ದ್ಬುಡ್ತದೆ, ಕಟ್ಟಾಕು ಅಂತ.

‘ಯಾವ್ ಕರ?’

‘ಗೊತ್ತಿಲ್ಲವ್ವ. ಮೂರ್ನಾಕು ಸಲ ಅಂದ.’

‘ಕೆಂದ ಹಸಿನ ಕರ,’ ಎಂದಳು ಅವಳು. ‘ಐದ್ನೇ ಕ್ಲಾಸಲ್ಲಿದ್ದ. ಕಟ್ಟು ಅಂತ ಹೇಳಿ ನಾ ಕಳೆ ಕೀಳಾಕ್ ಹೋಗಿದ್ದೆ. ಗೋಲಿ ಆಡ್ಕಂಡು ಮರ್ತ್ಬುಟ್ಟಿದ್ದ. ಬಂದು ಬಾರ್ಸಿದ್ದೆ ಬೆನ್ಮೇಲೆ.’ ಅವಳ ಮುಖದಲ್ಲಿ ನಗುವಿನಂಥದ್ದು ಬಂದು, ಅಲ್ಲೇ ಮುರಿದು, ಬಾಯಿ ಸೊಟ್ಟಗಾಯಿತು. ಸೆರಗು ಬಾಯಿಗೆ ತುರುಕಿಕೊಂಡು ಅವಳು ಅತ್ತದ್ದು ಅಷ್ಟು ಹೊತ್ತೇ. ಪಕ್ಕದಲ್ಲಿ ಕಡಲೆಕಾಯಿ ಮಾರುವವನು ಒಲೆ ಊದುವುದನ್ನು ನಿಲ್ಲಿಸಿ ನೋಡಿ ಮತ್ತೆ ಊದಿದ. ಕನಕರಾಜು ಅವಳ ಭುಜ ಮುಟ್ಟಲು ಕೈ ಚಾಚಿ, ಮುಟ್ಟದೆ, ಬೆಂಚಿನ ಕಲ್ಲು ಹಿಡಿದುಕೊಂಡ.

ನಾಗಮಂಗಲದ ಬಸ್ಸು ಹಿಂದಕ್ಕೆ ಹಿಂದಕ್ಕೆ ಬಂದು ನಿಂತಿತು. ಅವಳು ಏಳಲಿಲ್ಲ. ‘ಕೊನೀಗೆ ಸುಮ್ಕಾದ್ನಲ್ಲ,’ ಎಂದಳು. ‘ಆವಾಗ ನಿಂಗೆ ಏನನ್ನುಸ್ತು?’

ಇದನ್ನು ಯಾರೂ ಕೇಳಿರಲಿಲ್ಲ. ಸೇನೆಯ ವಿಚಾರಣೆಯಲ್ಲಿ ಕೇಳಲಿಲ್ಲ, ಅನು ಕೇಳಲಿಲ್ಲ, ರಾತ್ರಿ ಬೆವೆತು ಎದ್ದು ಕೂತಾಗ ಬೆನ್ನು ಸವರುವ ಪ್ರಮೀಳಾ ಕೇಳಲಿಲ್ಲ. ದುಃಖವಾಯಿತು ಎನ್ನಬಹುದು. ಅದು ಸುಳ್ಳೂ ಅಲ್ಲ. ಆದದ್ದು ಆಮೇಲೆ, ಬಹಳ ಹೊತ್ತಿನ ಮೇಲೆ. ಮೊದಲು ಆದದ್ದು ಬೇರೆ. ಅದನ್ನು ಹೇಳಿದರೆ ಈ ಹೆಂಗಸು ಇನ್ನೆಂದೂ ತನ್ನನ್ನು ಮಗ ಎಂದು ಕರೆಯುವುದಿಲ್ಲ. ಹೇಳದಿದ್ದರೆ, ಕರೆದಾಗಲೆಲ್ಲ ಅವಳು ಕರೆಯುತ್ತಿರುವುದು ಬೇರೆ ಯಾರನ್ನೋ ಆಗಿರುತ್ತದೆ. ಕಂಡಕ್ಟರು ನಾಗಮಂಗಲ, ನಾಗಮಂಗಲ ಎಂದು ಕೂಗುತ್ತಿದ್ದ.

‘ಸದ್ಯ ಅನ್ನುಸ್ತವ್ವ,’ ಎಂದ ಕನಕರಾಜು. ‘ಸದ್ಯ, ಇನ್ ಕರ್ಯಲ್ಲ ಅನ್ನುಸ್ತು.’

ಅವಳು ಆಗ ಅವನ ಕಡೆ ತಿರುಗಿದಳು. ಮೂರು ವರ್ಷದಲ್ಲಿ ಹೀಗೆ ನೋಡಿರಲಿಲ್ಲ. ಮಗನ ಸ್ನೇಹಿತನನ್ನು ನೋಡುವ ನೋಟವಲ್ಲ, ಹಣೆ, ಕಣ್ಣು, ಬಾಯಿ ಎಂದು ಒಂದೊಂದನ್ನೇ ನೋಡುವ ಹಾಗೆ ನೋಡಿದಳು. ಕನಕರಾಜು ಕಣ್ಣು ತಗ್ಗಿಸದೆ ನಿಂತ. ಅವನಿಗೆ ಅಷ್ಟಾದರೂ ಸಾಧ್ಯವಾಯಿತು. ಆಮೇಲೆ ಅವಳು ಚೀಲ ಎತ್ತಿಕೊಂಡು, ಸೊಂಟಕ್ಕೆ ಕೈ ಕೊಟ್ಟು ಎದ್ದು, ಬಸ್ಸಿನ ಕಡೆ ನಡೆದಳು. ಹತ್ತಿಸಲು ಅವನು ಮೊಣಕೈ ಹಿಡಿಯಹೋದ. ಅವಳು ಕಂಬಿ ಹಿಡಿದು ತಾನೇ ಹತ್ತಿದಳು. ಕಿಟಕಿಯ ಪಕ್ಕ ಕೂತಳು. ಬರುವ ಬುಧವಾರ ಪಿತೃಪಕ್ಷದ ಎಡೆ. ಮೂರು ವರ್ಷದಿಂದ ಆ ದಿನ ಅವಳ ಮನೆಯಲ್ಲಿ ರವೀಂದ್ರನ ಫೋಟೋದ ಮುಂದೆ ಎಡೆ ಇಟ್ಟು ತೆಗೆದ ಮೇಲೆ ಮೊದಲ ಎಲೆ ಕನಕರಾಜುವಿಗೇ ಹಾಕುತ್ತಿದ್ದಳು, ಅವನು ಉಣ್ಣುವವರೆಗೂ ಎದುರಿಗೆ ಕೂತಿರುತ್ತಿದ್ದಳು.

‘ಬುದ್ವಾರ ಬರ್ಬ್ಯಾಡ,’ ಎಂದಳು ಕಿಟಕಿಯಿಂದ.

‘ಊಂ,’ ಎಂದ.

ಡ್ರೈವರು ಹತ್ತಿ ಕೂತು ಬಾಗಿಲು ಎಳೆದುಕೊಂಡ. ಇಂಜಿನ್ನು ಶುರುವಾಗಿ ಕಿಟಕಿಯ ಗಾಜುಗಳೆಲ್ಲ ನಡುಗಿದವು. ಚಿಕ್ಕಬೋರಮ್ಮ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಕೂತಿದ್ದವಳು, ಬಸ್ಸು ಅಲುಗಿದಾಗ, ಇತ್ತ ತಿರುಗದೆಯೇ ಹೇಳಿದಳು.

‘ಈ ವರ್ಸ ಬ್ಯಾಡ. ಬರೋ ವರ್ಸ ಬಾ.’